ಮಹಾನಗರದ ಇರುಳಿಗೆ ಬೆಳಕು ಹಿಡಿದವರು

ಮಳೆ ನಿಂತು ಹತ್ತು ನಿಮಿಷವಾಯಿತೇನೋ ಅನ್ನಿಸುವ ಡಾಂಬರು ರಸ್ತೆ. ಬೀದಿದೀಪದ ಬೆಳಕು ಆ ಒದ್ದೆಯ ಮೇಲೆ ಉದ್ದಕ್ಕೆ ಚೆಲ್ಲಿಕೊಂಡಿದೆ. ತಿರುವಿನಲ್ಲಿ ನಿಂತ ಕಾರಿನ ಹೆಡ್‌ಲೈಟು ಒಮ್ಮೆ ಹತ್ತಿ ಆರುತ್ತದೆ. ಗೋಡೆಗೆ ಒರಗಿದವನ ಹ್ಯಾಟಿನ ಅಂಚೊಂದೇ ಬೆಳ್ಳಗೆ ಮಿನುಗುತ್ತಿದೆ, ಮುಖ ಪೂರಾ ಕತ್ತಲು. ಪಕ್ಕದಲ್ಲೇ ಕ್ಲಬ್ಬಿನ ಮೆಟ್ಟಿಲು. ಬಾಗಿಲು ತೆರೆದಾಗಲೊಮ್ಮೆ ಒಳಗಿನ ಟ್ರಂಪೆಟ್ ದನಿ ಬೀದಿಗೆ ನುಗ್ಗುತ್ತದೆ, ಮುಚ್ಚಿದೊಡನೆ ಕತ್ತರಿಸಿ ಹೋಗುತ್ತದೆ. ಆಚೆ ಸಮುದ್ರ, ಸಮುದ್ರದ ಅಂಚಿಗೆ ಬಾಗಿಕೊಂಡು ಹೋದ ದೀಪಗಳ ಸಾಲು.

1950ರ ದಶಕದ ಹಿಂದಿ ಸಿನಿಮಾ ಕಟ್ಟಿಕೊಟ್ಟ ಬೊಂಬಾಯಿ ಇದು. ‘ಬಾಜಿ’, ‘ಟ್ಯಾಕ್ಸಿ ಡ್ರೈವರ್’, ‘ಆರ್ ಪಾರ್’, ‘ಶ್ರೀ 420’, ‘ಸಿ.ಐ.ಡಿ.’ – ಐದಾರು ವರ್ಷಗಳೊಳಗೆ ಒಂದರ ಬೆನ್ನಿಗೊಂದು ಬಂದ ಈ ಚಿತ್ರಗಳಲ್ಲಿ ಕಥೆಗಿಂತ ಹೆಚ್ಚಾಗಿ ಊರೇ ನೆನಪಿನಲ್ಲಿ ಉಳಿಯುತ್ತದೆ. ಕೊಲೆ ಯಾರು ಮಾಡಿದರು, ಕಳ್ಳಸಾಗಣೆಯ ಮುಖ್ಯಸ್ಥ ಯಾರು ಎಂಬುದನ್ನೆಲ್ಲ ಮರೆತವರಿಗೂ ಆ ರಾತ್ರಿ ಮರೆತಿರುವುದಿಲ್ಲ. ನಗರ ಎಂದರೆ ಹೀಗಿರುತ್ತದೆ ಎಂದು ದೇಶದ ಅರ್ಧ ಜನಕ್ಕೆ ಮೊದಲು ಹೇಳಿಕೊಟ್ಟದ್ದು ಆ ಕಪ್ಪುಬಿಳುಪು ರಾತ್ರಿಯೇ. ನೋಡದ ಊರಿನ ಮೇಲೆ ಮೋಹ ಹುಟ್ಟಿಸುವುದು ಸುಲಭದ ಕೆಲಸವಲ್ಲ. ಆ ಮೋಹ ಎಲ್ಲಿಂದ ಬಂತು, ಯಾರ ಕೈಗಳು ಅದನ್ನು ಹೆಣೆದವು ಎಂದು ಹುಡುಕಿಕೊಂಡು ಹೋದರೆ ದಾರಿ ಮೈಸೂರಿಗೂ ಬರುತ್ತದೆ, ಗೋವೆಯ ಹಳ್ಳಿಗಳಿಗೂ ಹೋಗುತ್ತದೆ.

‘ಸಿ.ಐ.ಡಿ.’ ಬಂದದ್ದು 1956ರಲ್ಲಿ. ನಿರ್ದೇಶಕ ರಾಜ್ ಖೋಸ್ಲಾ, ನಿರ್ಮಾಪಕ ಗುರುದತ್. ಟೈಟಲ್ ಕಾರ್ಡಿನಲ್ಲಿ ಛಾಯಾಗ್ರಾಹಕರ ಹೆಸರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಪಿಟೀಲು ನುಡಿಸುತ್ತಿದ್ದ ಹುಡುಗ. ಬೆಂಗಳೂರಿನ ಕೆ.ಆರ್. ವೃತ್ತದ ಬಳಿ ಇವತ್ತು ಎಸ್.ಜೆ. ಪಾಲಿಟೆಕ್ನಿಕ್ ಎಂದು ಎಲ್ಲರೂ ಕರೆಯುವ ಸಂಸ್ಥೆಯಲ್ಲಿ ಸಿನಿಮಾ ಛಾಯಾಗ್ರಹಣದ ಕೋರ್ಸು ಶುರುವಾದಾಗ ಮೊದಲ ತಂಡದಲ್ಲೇ ಸೇರಿ, 1946ರಲ್ಲಿ ಡಿಪ್ಲೊಮಾ ಮುಗಿಸಿ ಬೊಂಬಾಯಿ ರೈಲು ಹತ್ತಿದವರು. ಗುರುದತ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲೇ, 1925ರಲ್ಲಿ. ಪಡುಕೋಣೆ ಮನೆತನದ ಕೊಂಕಣಿ ಹುಡುಗ, ಬೆಳೆದದ್ದು ಕಲ್ಕತ್ತೆಯಲ್ಲಿ. ಬೊಂಬಾಯಿಯ ರಾತ್ರಿಗೆ ಬೆಳ್ಳಿತೆರೆಯ ಮೇಲೆ ರೂಪ ಕೊಟ್ಟ ಇಬ್ಬರು ನಮ್ಮ ನೆಲದಲ್ಲಿ ಹುಟ್ಟಿದವರು ಎಂಬುದನ್ನು ನಾವು ಇನ್ನೂ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳಬೇಕಿತ್ತು.

ಅವರಿಬ್ಬರೂ ಜೊತೆಯಾದದ್ದು 1951ರ ‘ಬಾಜಿ’ ಚಿತ್ರದ ಸೆಟ್ಟಿನಲ್ಲಿ. ಗುರುದತ್‌ಗೆ ಅದು ನಿರ್ದೇಶನದ ಮೊದಲ ಚಿತ್ರ. ಛಾಯಾಗ್ರಾಹಕ ವಿ. ರಾತ್ರಾ; ಅವರ ಸಹಾಯಕ ಮೂರ್ತಿ. ಕ್ಲಬ್ಬಿನ ಒಂದು ಹಾಡು ಚಿತ್ರೀಕರಣವಾಗುತ್ತಿತ್ತು. ಸಹಾಯಕ ಮೂರ್ತಿ ಒಂದು ಶಾಟ್ ಸೂಚಿಸಿದರು: ಕನ್ನಡಿಯೊಳಗಿನ ಬಿಂಬದಿಂದ ಶಾಟ್ ಶುರುವಾಗಬೇಕು, ಕ್ಯಾಮೆರಾ ಸರಿಯುತ್ತ ಸರಿಯುತ್ತ ಕನ್ನಡಿಯನ್ನು ಬಿಟ್ಟು ನಿಜವಾದ ಮನುಷ್ಯನನ್ನು ಮುಟ್ಟಬೇಕು. ಹೇಳುವುದು ಎರಡೇ ಮಾತು. ಮಾಡಲು ಹೊರಟರೆ ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದು, ದೀಪ ಕಾಣಬಾರದು, ಟ್ರಾಲಿ ತಳ್ಳುವವರ ನೆರಳೂ ಬೀಳಬಾರದು. ನಡುದಾರಿಯಲ್ಲಿ ಫೋಕಸ್ ಬದಲಿಸಬೇಕು, ಅದೂ ಹಾಡಿನ ಲಯಕ್ಕೆ ಸರಿಯಾಗಿ. ರಾತ್ರಾ ದೊಡ್ಡ ಮನಸ್ಸಿನವರು. ನೀನೇ ತೆಗೆ ಎಂದು ಕ್ಯಾಮೆರಾ ಬಿಟ್ಟುಕೊಟ್ಟರು. ಮೂರ್ತಿ ತೆಗೆದರು. ಅಂದಿನ ಕೆಲಸ ಮುಗಿಯುವ ಹೊತ್ತಿಗೆ ಗುರುದತ್ ಮನಸ್ಸಿನಲ್ಲಿ ತಮ್ಮ ಮುಂದಿನ ಚಿತ್ರದ ಛಾಯಾಗ್ರಾಹಕ ಯಾರೆಂದು ತೀರ್ಮಾನವಾಗಿತ್ತು. 1952ರ ‘ಜಾಲ್’ನಿಂದ ಮುಂದಕ್ಕೆ, ‘ಪ್ಯಾಸಾ’ ದಾಟಿ, ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ಅವರಿಬ್ಬರನ್ನು ಬೇರೆ ಮಾಡಿ ನೋಡುವುದೇ ಕಷ್ಟ.

ಆ ಕಾಲದಲ್ಲಿ ರಾತ್ರಿಯನ್ನು ರಾತ್ರಿಯಲ್ಲೇ ಸೆರೆಹಿಡಿಯುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದನ್ನು ಇವತ್ತು ಮೊಬೈಲಿನಲ್ಲಿ ಕತ್ತಲನ್ನೂ ತೆಗೆಯುವ ನಮಗೆ ಊಹಿಸುವುದು ಕಷ್ಟ. ಫಿಲ್ಮು ನಿಧಾನದ್ದು, ಬೆಳಕನ್ನು ಬಕಬಕ ಕುಡಿಯುವಂಥದ್ದು. ಬೀದಿದೀಪ ಏನೇನೂ ಸಾಲದು. ಹಾಗಾಗಿ ರಾತ್ರಿಯನ್ನು ಕಟ್ಟಬೇಕಿತ್ತು. ರಸ್ತೆಗೆ ನೀರು ಹೊಯ್ಯುವುದು ಆ ಕಾಲದ ಎಲ್ಲ ಛಾಯಾಗ್ರಾಹಕರೂ ಬಲ್ಲ ಉಪಾಯ. ಒಣ ಡಾಂಬರು ಬೆಳಕನ್ನು ನುಂಗಿಹಾಕುತ್ತದೆ, ಒದ್ದೆ ಡಾಂಬರು ಅದನ್ನು ತಿರುಗಿ ಕೊಡುತ್ತದೆ. ಪಾತ್ರದ ಬೆನ್ನ ಹಿಂದೆ ಒಂದು ಬ್ಯಾಕ್ ಲೈಟ್ ಇಟ್ಟರೆ ಕೂದಲಿಗೂ ಹೆಗಲಿಗೂ ಬೆಳ್ಳಿಯ ಗೆರೆ ಹತ್ತುತ್ತದೆ, ಕತ್ತಲ ಹಿನ್ನೆಲೆಯಿಂದ ಆಸಾಮಿ ಬೇರೆಯಾಗಿ ನಿಲ್ಲುತ್ತಾನೆ. ದೀಪದ ಮುಂದೆ ಕಪ್ಪು ಹಲಗೆ, ಅಂದರೆ ಕಟರ್, ಅಡ್ಡ ಹಿಡಿದರೆ ಮುಖದ ಅರ್ಧ ನೆರಳಿಗೆ ಹೋಗುತ್ತದೆ. ಸೆಟ್ಟಿನಲ್ಲಿ ಹೊಗೆ ಹಾಕಿದರೆ ಬೆಳಕಿಗೇ ಮೈ ಬರುತ್ತದೆ. ಕಾರು ಓಡುವ ದೃಶ್ಯವಾದರೆ ಕಾರು ಸ್ಟುಡಿಯೊದಲ್ಲೇ ನಿಂತಿರುತ್ತದೆ, ಹಿಂದಿನ ಪರದೆಯ ಮೇಲೆ ಬೀದಿ ಓಡುತ್ತದೆ.

ಮೂರ್ತಿಯವರ ಬೆಳಕಿಗೆ ಒಂದು ಗುಣವಿದೆ. ಅದು ಯಾವ ವಸ್ತುವನ್ನೂ ಪೂರ್ತಿ ತೋರಿಸುವುದಿಲ್ಲ. ಕ್ಲಬ್ಬಿನ ದೃಶ್ಯದಲ್ಲಿ ಮೇಜಿನ ಮೇಲಿನ ಗಾಜಿನ ಲೋಟ ಹೊಳೆಯುತ್ತದೆ, ಅದನ್ನು ಹಿಡಿದ ಕೈ ಮಸುಕು. ಕುಣಿಯುವವಳ ಕಿವಿಯೋಲೆ ಕಿಡಿ ಕಾರುತ್ತದೆ, ಅವಳ ಹಿಂದಿನ ವಾದ್ಯವೃಂದ ಬರೀ ಆಕಾರಗಳು. ಇಷ್ಟು ಕಂಡಿತಲ್ಲ, ಮಿಕ್ಕದ್ದು ಇನ್ನೆಷ್ಟು ಚೆನ್ನಾಗಿರಬೇಡ ಎಂದು ನೋಡುವವನ ಮನಸ್ಸು ಓಡುತ್ತದೆ. ಬೆರಗು ಹುಟ್ಟುವುದು ಆ ಕಾಣದ ಮುಕ್ಕಾಲು ಪಾಲಿನಲ್ಲಿ. ಸಾವಿರ ದೀಪ ಹಚ್ಚಿ ಎಲ್ಲವನ್ನೂ ಬೆಳಗಿಸಿ ತೋರಿಸುವ ಇಂದಿನ ಹಾಡುಗಳಲ್ಲಿ ವೈಭವ ಉಂಟು, ಸೆಳೆತ ಇಲ್ಲ. ನನ್ನ ಮಟ್ಟಿಗೆ ಇದು ಖಚಿತ.

‘ಕಾಗಜ್ ಕೆ ಫೂಲ್’ 1959ರದು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೊದ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ, ಅದರ ಎರಡು ಬದಿಯಲ್ಲಿ ಗಂಡು ಹೆಣ್ಣು ನಿಂತಿದ್ದಾರೆ. ದೊಡ್ಡ ದೊಡ್ಡ ದೀಪಗಳಿಂದ ಅಂಥ ಸಮಾಂತರ ಕಿರಣ ಬರುವುದಿಲ್ಲ, ದೀಪದ ಬೆಳಕು ಹೋಗುತ್ತ ಹೋಗುತ್ತ ಹರಡಿಕೊಳ್ಳುತ್ತದೆ. ಮೂರ್ತಿ ನಿಜವಾದ ಸೂರ್ಯನನ್ನೇ ಒಳಗೆ ಕರೆತಂದರು. ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಬಿಸಿಲು ಮೊದಲನೆಯದಕ್ಕೆ ಬಡಿದು, ಅಲ್ಲಿಂದ ಎರಡನೆಯದಕ್ಕೆ ಹಾರಿ, ನೇರ ಕೆಳಗಿಳಿಯಿತು. ಹೊಗೆ ಅದಕ್ಕೆ ಆಕಾರ ಕೊಟ್ಟಿತು. ಸೂರ್ಯ ಸರಿದಂತೆ ಕನ್ನಡಿಯನ್ನೂ ಹೊಂದಿಸುತ್ತಿರಬೇಕು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು, ಆ ಕಿರಣ ಮಾತ್ರ ಇವತ್ತಿಗೂ ಛಾಯಾಗ್ರಹಣ ಕಲಿಯುವ ಮಕ್ಕಳ ಪಾಠದಲ್ಲಿದೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಈಗ ಆ ಬೆಳಕಿನಲ್ಲಿ ನಿಂತ ಜನರನ್ನು ನೋಡೋಣ. ‘ಸಿ.ಐ.ಡಿ.’ಯಲ್ಲಿ ಬೊಂಬಾಯಿಯನ್ನು ಕುರಿತ ಆ ಪ್ರಸಿದ್ಧ ಹಾಡು ನಾಯಕನ ಬಾಯಲ್ಲಿಲ್ಲ. ಸೂಟು ತೊಟ್ಟ ಪೊಲೀಸ್ ಇನ್ಸ್‌ಪೆಕ್ಟರ್ ದೇವ್ ಆನಂದ್‌ಗೆ ಅದು ಸಿಕ್ಕಿಲ್ಲ. ಅದನ್ನು ಹಾಡುವವನು ಜೇಬುಗಳ್ಳ, ಜಾನಿ ವಾಕರ್. ಒಂದು ಹಳೆಯ ಅಮೆರಿಕನ್ ಜನಪದ ಹಾಡಿನ ಧಾಟಿಯನ್ನು ಓ.ಪಿ. ನಯ್ಯರ್ ತೆಗೆದುಕೊಂಡು ಟಾಂಗಾ ಕುದುರೆಯ ಗೊರಸಿನ ತಾಳಕ್ಕೆ ಕೂರಿಸಿದ್ದಾರೆ. ಮಜ್ರೂಹ್ ಸುಲ್ತಾನ್‌ಪುರಿ ಸಾಹಿತ್ಯ, ರಫಿ ಮತ್ತು ಗೀತಾ ದತ್ ಕಂಠ. ಟ್ರಾಮು, ಮೋಟಾರು, ಗಿರಣಿ, ಕಟ್ಟಡ ಎಲ್ಲ ಇರುವ ಈ ಊರಿನಲ್ಲಿ ಬಡವನ ಬದುಕು ಎಷ್ಟು ದುಬಾರಿ ಎಂಬುದು ಅದರ ತಿರುಳು. ಹಾಡು ಊರನ್ನು ಬೈಯುತ್ತದೆ. ಬೈಯುತ್ತಲೇ ಊರನ್ನು ಎಷ್ಟು ಮುದ್ದಾಗಿ ತೋರಿಸುತ್ತದೆಂದರೆ, ಕೇಳಿದವನಿಗೆ ಹೇಗಾದರೂ ಮಾಡಿ ಅಲ್ಲಿ ಹೋಗಿ ಒದ್ದಾಡಬೇಕು ಅನ್ನಿಸಿಬಿಡುತ್ತದೆ.

ಆ ಕಾಲದ ಸಿನಿಮಾಗಳ ಜೀವ ಇರುವುದು ಈ ಜಾಗದಲ್ಲಿ. ಬೊಂಬಾಯಿಯ ಥಳಕು ಅಲ್ಲಿ ಫುಟ್‌ಪಾತಿನ ಮೇಲೆ ನಿಂತವನ ಕಣ್ಣಿಗೆ ಕಂಡ ಥಳಕು. ಬಂಗಲೆಯ ಒಳಗೆ ಕುಳಿತವನಿಗೆ ಬಂಗಲೆಯ ಕಿಟಕಿ ಹೊಳೆಯುವುದಿಲ್ಲ. ಎದುರು ಬೀದಿಯಲ್ಲಿ ನಿಂತವನಿಗಷ್ಟೇ ಹೊಳೆಯುತ್ತದೆ. ‘ಶ್ರೀ 420’ರಲ್ಲಿ ರಾಜ್ ಕಪೂರ್ ಅಲಹಾಬಾದಿನಿಂದ ನಡೆದು ಬಂದು, ಪ್ರಾಮಾಣಿಕತೆಗೆ ಸಿಕ್ಕ ಪದಕವನ್ನು ಅಡವಿಟ್ಟು, ಬೀದಿಬದಿಯ ಜನರ ನಡುವೆ ಮಲಗುತ್ತಾನೆ. ಅಲ್ಲಿಂದ ಎದ್ದು ಹೋಗಿ ನಾದಿರಾಳ ಪಾರ್ಟಿಗೆ ಕಾಲಿಡುವ ಹೊತ್ತಿಗೆ, ಆ ಹೊಳೆಯುವ ನೆಲದ ಮೇಲೆ ಅವನ ಜೊತೆ ನಮ್ಮ ಎದೆಯೂ ಜಾರುತ್ತದೆ. 1954ರ ‘ಟ್ಯಾಕ್ಸಿ ಡ್ರೈವರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚೇತನ್ ಆನಂದ್ ಹಗುರ ಕ್ಯಾಮೆರಾ ಹಿಡಿದುಕೊಂಡು ನಿಜವಾದ ಬೊಂಬಾಯಿ ಬೀದಿಗಿಳಿದರು. ಅದರ ನಾಯಕ ಊರನ್ನೆಲ್ಲ ಸುತ್ತುತ್ತಾನೆ, ಆದರೆ ಬೇರೆಯವರನ್ನು ಅವರವರ ಬಾಗಿಲಿಗೆ ಇಳಿಸುವುದಕ್ಕೆ. ನಾಯಕಿ ಬಂದಿರುವುದು ಹಾಡುಗಾರ್ತಿಯಾಗಬೇಕೆಂಬ ಆಸೆಯಿಂದ. ಇಬ್ಬರೂ ಊರಿನ ಹೊಸ್ತಿಲಲ್ಲಿ ನಿಂತವರೇ.

ಚಿತ್ರ ಮಾಡಿದವರೂ ಹಾಗೇ. ದೇವ್ ಆನಂದ್ ಲಾಹೋರಿನಲ್ಲಿ ಓದಿ, 1943ರಲ್ಲಿ ಬೊಂಬಾಯಿಗೆ ಬಂದು, ಮೊದಲು ಮಿಲಿಟರಿ ಸೆನ್ಸಾರ್ ಕಚೇರಿಯಲ್ಲಿ ಪತ್ರ ಓದುವ ಕೆಲಸ ಮಾಡಿದವರು. ಜಾನಿ ವಾಕರ್ ಇಂದೋರಿನಿಂದ ಬಂದು ಬೆಸ್ಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಲರಾಜ್ ಸಾಹ್ನಿ ಅವರನ್ನು ಗುರುದತ್ ಬಳಿ ಕಳಿಸಿದರು. ‘ಬಾಜಿ’ಗೆ ಹಾಡು ಬರೆದ ಸಾಹಿರ್, ‘ಸಿ.ಐ.ಡಿ.’ಗೆ ರಾಗ ಹಾಕಿದ ನಯ್ಯರ್ ಇಬ್ಬರೂ ಲಾಹೋರನ್ನು ಹಿಂದೆ ಬಿಟ್ಟು ಬಂದವರು. ಗೀತಾ ದತ್ ಪೂರ್ವ ಬಂಗಾಳದ ಫರೀದ್‌ಪುರದವರು. ದೇಶ ಒಡೆದ ಗಾಯ ಇನ್ನೂ ಹಸಿಯಾಗಿತ್ತು. ಊರು ಕಳೆದುಕೊಂಡವರು, ಊರು ಬಿಟ್ಟವರು, ಊರು ಸಿಗದವರು ಸೇರಿ ಒಂದು ಊರನ್ನು ತೆರೆಯ ಮೇಲೆ ಕಟ್ಟಿದರು. ಅದಕ್ಕೇ ಆ ಬೆಳಕಿನಲ್ಲಿ ಅಷ್ಟು ಹಸಿವಿದೆ.

ಈ ಹಸಿವು ನಮ್ಮ ಕಡೆಗೂ ಹರಿದು ಬಂತು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡದ ಜನಕ್ಕೆ ಬೊಂಬಾಯಿ ಪರವೂರಲ್ಲ, ರಾಜಧಾನಿ. ಸರಕಾರಿ ಕಾಗದ ಬರುತ್ತಿದ್ದದ್ದೂ ಅಲ್ಲಿಂದ, ಸಿನಿಮಾ ಪೆಟ್ಟಿಗೆ ಬರುತ್ತಿದ್ದದ್ದೂ ಅಲ್ಲಿಂದ. ಹಾಡು ಬರುತ್ತಿದ್ದ ದಾರಿ ಮಾತ್ರ ಸ್ವಲ್ಪ ಸುತ್ತುಬಳಸಿನದು. ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಗೀತೆ ಕೀಳುಮಟ್ಟದ್ದೆಂದು ಆಕಾಶವಾಣಿಯ ಬಾಗಿಲು ಮುಚ್ಚಿದಾಗ, 1952ರ ಕೊನೆಯಿಂದ ರೇಡಿಯೊ ಸಿಲೋನ್ ‘ಬಿನಾಕಾ ಗೀತ್ ಮಾಲಾ’ ಶುರು ಮಾಡಿತು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿ ದನಿ. ಬೊಂಬಾಯಿಯಲ್ಲಿ ಧ್ವನಿಮುದ್ರಣವಾದ ಹಾಡು ಕೊಲಂಬೊಗೆ ಹೋಗಿ, ಅಲ್ಲಿಂದ ಶಾರ್ಟ್ ವೇವ್ ಅಲೆ ಏರಿ, ಗದಗಿನ ಖಾನಾವಳಿಗೋ ಹುಬ್ಬಳ್ಳಿಯ ಚಹಾದಂಗಡಿಗೋ ಇಳಿಯುತ್ತಿತ್ತು. ದನಿ ಒಮ್ಮೆ ಉಬ್ಬಿ ಒಮ್ಮೆ ಕ್ಷೀಣಿಸುತ್ತಿತ್ತು. ಯಾರೋ ಮೇಲೆದ್ದು ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಚಹಾ ತಣ್ಣಗಾದರೂ ಜನ ಏಳುತ್ತಿರಲಿಲ್ಲ. ಕಣ್ಣಿಗೆ ಕಾಣದ ಊರು ಕಿವಿಯೊಳಗೆ ಮೊದಲು ಕಟ್ಟಿಕೊಂಡದ್ದು ಹೀಗೆ. 1957ರಲ್ಲಿ ವಿವಿಧ ಭಾರತಿ ಹುಟ್ಟಿಕೊಂಡಿತು, ಸರಕಾರ ಕೊನೆಗೂ ಕಿವಿಯ ಹಟಕ್ಕೆ ಮಣಿಯಿತು.

ಕರಾವಳಿಯ ಹುಡುಗರದು ಇನ್ನೊಂದು ದಾರಿ. ಹಡಗು ಹತ್ತಿಯೋ, ಘಟ್ಟ ಹತ್ತಿ ರೈಲು ಹಿಡಿದೋ ಬೊಂಬಾಯಿ ಸೇರಿ, ಮಾತುಂಗದಲ್ಲೋ ಫೋರ್ಟಿನಲ್ಲೋ ಉಡುಪಿ ಹೋಟೆಲಿನ ಮಾಣಿಗಳಾದರು. ಹಗಲು ತಟ್ಟೆ ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಪಾಸು ಮಾಡಿಕೊಂಡರು. ಮುಂದೆ ಅವರಲ್ಲೇ ಎಷ್ಟೋ ಮಂದಿ ಗುಮಾಸ್ತರು, ವಕೀಲರು, ಹೋಟೆಲ್ ಮಾಲೀಕರಾದರು. ರಜೆಯ ದಿನ ಅವರು ಕೈಯಲ್ಲಿದ್ದ ಚಿಲ್ಲರೆಯಲ್ಲಿ ಗಾಂಧಿ ಕ್ಲಾಸಿನ ಟಿಕೆಟು ತೆಗೆದು ನೋಡುತ್ತಿದ್ದದ್ದು ತಾವು ದಿನಾ ನಡೆಯುವ ಬೀದಿಗಳನ್ನೇ. ಇದು ನನಗೆ ತುಂಬ ಹಿಡಿಸುವ ಸಂಗತಿ. ಊರನ್ನು ಮೈಮುರಿಯ ದುಡಿದು ಬಲ್ಲವನು ಅದೇ ಊರನ್ನು ಕತ್ತಲೆಯಲ್ಲಿ ಕುಳಿತು, ಬೆಳ್ಳಿ ಬಣ್ಣದಲ್ಲಿ ನೋಡಿ, ಅರೆ ನಾನೂ ಇಲ್ಲೇ ಇದ್ದೇನಲ್ಲ ಎಂದು ಹಿಗ್ಗುತ್ತಾನೆ. ಸಿನಿಮಾ ಅವನಿಗೆ ಮೋಸ ಮಾಡಿತು ಎಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ. ನಾನು ಒಪ್ಪುವುದಿಲ್ಲ. ದುಡಿಮೆ ಅವನಿಂದ ಕಿತ್ತುಕೊಂಡ ಊರನ್ನು ಸಿನಿಮಾ ಎರಡೂವರೆ ಗಂಟೆಯ ಮಟ್ಟಿಗೆ ಅವನಿಗೆ ಹಿಂತಿರುಗಿಸುತ್ತಿತ್ತು. ನಮ್ಮ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳ ಜನ ಇಂದಿಗೂ ಇದೇ ಮಣ್ಣಿನವರು; ಪೋಸ್ಟರು ಅಂಟಿಸಿದ ಗೋಡೆಗಳ ನಡುವೆ ಬಾಳುತ್ತ, ಆ ಪೋಸ್ಟರಿನ ಬಣ್ಣ ತಮ್ಮ ಮೇಲೂ ಸ್ವಲ್ಪ ಹತ್ತಲಿ ಎಂದು ಬಯಸುವವರು.

ಮರೀನ್ ಡ್ರೈವ್ ವಿಷಯದಲ್ಲಿ ಈ ಬಯಕೆ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಸಮುದ್ರವನ್ನು ಹಿಂದಕ್ಕೆ ತಳ್ಳಿ, ಮಣ್ಣು ತುಂಬಿ ಮಾಡಿದ ಜಾಗ ಅದು. ದುಂಡು ಬಾಲ್ಕನಿಯ ಆರ್ಟ್ ಡೆಕೊ ಮನೆಗಳು ಎದ್ದದ್ದು 1930–40ರ ದಶಕಗಳಲ್ಲಿ. ಅಂದರೆ ಸಿನಿಮಾದವರು ಕ್ಯಾಮೆರಾ ತಂದಾಗ ಆ ಬೀದಿಗೆ ಇನ್ನೂ ಹರೆಯ. 2018ರಲ್ಲಿ ಅದರ ಕಟ್ಟಡಗಳಿಗೆ ಯುನೆಸ್ಕೊ ಪಟ್ಟ ಸಿಕ್ಕಿತು. ಅದಕ್ಕೆ ಮೂರು ವರ್ಷ ಮೊದಲು, ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಊರೇ ಸಿಡಿದೆದ್ದಿತ್ತು. ಆ ದೀಪಗಳ ಸಾಲಿಗೆ ಜನ ಇಟ್ಟ ಹೆಸರು ರಾಣಿಯ ಕಂಠೀಹಾರ; ಅದರ ಬಣ್ಣ ಕೆಡಿಸಿದಿರಿ ಎಂದು ಗಲಾಟೆ. ವಿದ್ಯುತ್ ಉಳಿತಾಯದ ಲೆಕ್ಕ ಯಾರ ತಲೆಗೂ ಹೋಗಲಿಲ್ಲ. ಆ ಬಂಗಾರದ ಹಾರವನ್ನು ಕೊರಳಿಗೆ ಹಾಕಿಕೊಳ್ಳಲಾಗದ ಜನರೇ ಅದಕ್ಕಾಗಿ ಹೆಚ್ಚು ಜಗಳವಾಡಿದರು.

ಥಳಕಿನ ಭಾರವನ್ನು ಅತಿ ಹೆಚ್ಚು ಹೊತ್ತವರು ಹೆಂಗಸರು. ಕ್ಲಬ್ಬಿನ ಹಾಡಿಗೆ ಒಬ್ಬಳು, ಮನೆಯ ಹಾಡಿಗೆ ಇನ್ನೊಬ್ಬಳು ಎಂಬ ಏರ್ಪಾಡು ಅಂದಿನಿಂದಲೇ ಗಟ್ಟಿಯಾಯಿತು. ನಗರದ ಸೊಗಸೆಲ್ಲ ಕ್ಲಬ್ಬಿನವಳ ಮೈಮೇಲೆ, ಕಥೆಯ ಪುಣ್ಯವೆಲ್ಲ ಮನೆಯವಳ ಪಾಲಿಗೆ. ಉದ್ದನೆಯ ಸಿಗರೇಟು ಕೊಳವೆ ಹಿಡಿದು ನಿಂತ ‘ಶ್ರೀ 420’ರ ನಾದಿರಾ ಬಾಗ್ದಾದಿ ಯಹೂದಿ ಮನೆತನದವರು, ಹುಟ್ಟುಹೆಸರು ಫ್ಲಾರೆನ್ಸ್ ಎಜೆಕಿಯೆಲ್. ‘ಟ್ಯಾಕ್ಸಿ ಡ್ರೈವರ್’ನ ಕ್ಲಬ್ ಸುಂದರಿ ಶೀಲಾ ರಮಾನಿ ಸಿಂಧಿ. ಆಮೇಲೆ ಎರಡು ದಶಕ ಆ ಸಿಂಹಾಸನವೇರಿದ ಹೆಲೆನ್, ಮಹಾಯುದ್ಧದ ಕಾಲದಲ್ಲಿ ಬರ್ಮಾದಿಂದ ತಾಯಿಯ ಜೊತೆ ಕಾಡು ದಾಟಿ ಅಸ್ಸಾಮಿಗೆ ನಡೆದುಬಂದ ನಿರಾಶ್ರಿತ ಮಗು. ಕುಕ್ಕೂ ಎಂಬ ನರ್ತಕಿ ಅವರನ್ನು ಗುಂಪಿನ ಕುಣಿತಕ್ಕೆ ಸೇರಿಸಿದರು. 1958ರ ‘ಹೌರಾ ಬ್ರಿಡ್ಜ್’ನ ಒಂದೇ ಹಾಡು ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು. ಪರದೆಯ ಮೇಲೆ ಈ ಹೆಂಗಸರು ಮೂರನೇ ರೀಲಿಗೆ ಬಂದು ಹದಿಮೂರನೇ ರೀಲಿಗೆ ಗುಂಡೇಟು ತಿಂದು ಸಾಯುತ್ತಿದ್ದರು. ಅನ್ಯಾಯ ಅದು, ಮೆತ್ತಗೆ ಹೇಳುವ ಅಗತ್ಯವಿಲ್ಲ. ಊರಿಗೆ ಹೊಳಪು ಕೊಟ್ಟವಳಿಗೆ ಕಥೆಯಲ್ಲಿ ಮನೆ ಕೊಡಲಿಲ್ಲ.

ಅವರಿಗೆ ನ್ಯಾಯ ಸಿಕ್ಕಿದ್ದರೆ ಅದು ಗೀತಾ ದತ್ ದನಿಯಲ್ಲಿ. ‘ಬಾಜಿ’ಯ ಕ್ಲಬ್ಬಿನಲ್ಲಿ ಗೀತಾ ಬಾಲಿ ಗಿಟಾರು ಹಿಡಿದು ಹಾಡುವ ಹಾಡು ಮೂಲದಲ್ಲಿ ಸಾಹಿರ್ ಬರೆದ ಗಂಭೀರ ಗಜಲ್. ಸಚಿನ್ ದೇವ್ ಬರ್ಮನ್ ಅದನ್ನು ಪಾಶ್ಚಾತ್ಯ ಲಯಕ್ಕೆ ಏರಿಸಿಬಿಟ್ಟರು. ಅಲ್ಲಿಯವರೆಗೆ ಭಕ್ತಿ, ವಿರಹಗಳಿಗೆ ಹೆಸರಾಗಿದ್ದ, ಆಗಿನ್ನೂ ಗೀತಾ ರಾಯ್ ಆಗಿದ್ದ ಗೀತಾ ದತ್ ಅವರ ಕಂಠದಲ್ಲಿ ಒಂದು ತುಂಟತನ, ಒಂದು ಸಣ್ಣ ಬಿರುಕು, ಮಾತಿನ ಕೊನೆಗೆ ಉಸಿರು ಬಿಟ್ಟು ನಿಲ್ಲಿಸುವ ರೀತಿ ಮೊದಲ ಬಾರಿ ಕೇಳಿಸಿತು. ಸೋಲುವವನಿಗೆ ಪಣಕ್ಕಿಡು ಎಂದು ಧೈರ್ಯ ಕೊಡುವ ಹಾಡು ಅದು. ಹಾಡುವವಳಿಗೂ ಸೋತು ಗೊತ್ತಿದೆ ಎಂಬುದು ಆ ದನಿಯಲ್ಲೇ ತಿಳಿಯುತ್ತದೆ.

ಅವಳ ಹಿಂದೆ ಮಸುಕಾಗಿ ನಿಂತಿದ್ದ ವಾದ್ಯವೃಂದದ ಕಡೆಗೆ ಈಗ ಬರಬೇಕು. ಬೊಂಬಾಯಿಯ ಧೋಬಿ ತಲಾವ್‌ನಲ್ಲಿ ಜೆರ್ ಮಹಲ್ ಎಂಬ ಹಳೆಯ ಕಟ್ಟಡವಿದೆ. ಅದರಲ್ಲಿ ಗೋವೆಯ ಹಳ್ಳಿಗೊಂದರಂತೆ ಕೂಡ್‌ಗಳು. ಕೂಡ್ ಅಂದರೆ ಊರವರ ಬಿಡಾರ: ಹಡಗಿನಲ್ಲಿ ದುಡಿಯುವವರು, ಅಡುಗೆಯವರು, ವಾದ್ಯ ನುಡಿಸುವವರು ಊರಿನಿಂದ ಬಂದಾಗ ತಂಗುವ ಜಾಗ. ಗೋಡೆಯುದ್ದಕ್ಕೂ ತಗಡಿನ ಟ್ರಂಕುಗಳ ಸಾಲು, ಒಬ್ಬನಿಗೆ ಒಂದು ಟ್ರಂಕಿನಷ್ಟು ಜಾಗ. ಒಂದು ಮೂಲೆಯಲ್ಲಿ ಪೂಜಾಪೀಠ, ಸಂಜೆ ಎಲ್ಲರೂ ಸೇರಿ ಜಪಮಾಲೆ. ರಾತ್ರಿ ನೆಲದ ಮೇಲೆ ಚಾಪೆ. ಅಂಥ ಬಿಡಾರಗಳಿಂದ ಕಪ್ಪು ಸೂಟು ಹಾಕಿಕೊಂಡು, ಪಿಟೀಲು, ಟ್ರಂಪೆಟ್ಟುಗಳ ಪೆಟ್ಟಿಗೆ ಹಿಡಿದುಕೊಂಡು ಹೊರಟವರು ಸ್ಟುಡಿಯೊ ಸೇರುತ್ತಿದ್ದರು.

ಗೋವೆಯ ಚರ್ಚುಗಳ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಪಾಶ್ಚಾತ್ಯ ಸ್ವರಲಿಪಿ, ಪಿಟೀಲು ಕಲಿಸುತ್ತಿದ್ದರು. ಬೊಂಬಾಯಿಯ ದೊಡ್ಡ ಹೋಟೆಲುಗಳ ಬಾಲ್‌ರೂಮಿನಲ್ಲಿ 1930ರ ದಶಕದಲ್ಲಿ ಅಮೆರಿಕದ ಕರಿಯ ಜಾಜ್ ಕಲಾವಿದರು ಬಂದು ನುಡಿಸಿದಾಗ, ಅವರಿಂದ ನೇರ ಕಲಿತವರು ಇವರೇ. ಬಾಲ್‌ರೂಮಿನ ನಟ್ಟನಡುವೆ ನಿಂತಿದ್ದರೂ ಅಲ್ಲಿ ಅವರು ಅತಿಥಿಗಳಲ್ಲ. 1949ರ ಪಾನನಿಷೇಧ ಕಾಯ್ದೆ ಬಂದು ಹೋಟೆಲಿನ ರಾತ್ರಿಗಳು ಸೊರಗಿದವು. ಅದೇ ಹೊತ್ತಿಗೆ ಸಿನಿಮಾ ಸಂಗೀತಕ್ಕೆ ದೊಡ್ಡ ವಾದ್ಯವೃಂದದ ಆಸೆ ಹುಟ್ಟಿತು. ಊರಿನಲ್ಲಿ ಮದ್ಯಕ್ಕೆ ಪರ್ಮಿಟ್ ಬೇಕಾಗಿದ್ದ ಕಾಲದಲ್ಲಿ ಸಿನಿಮಾದ ಕ್ಲಬ್ಬುಗಳಲ್ಲಿ ಗ್ಲಾಸುಗಳು ಎಡೆಬಿಡದೆ ಕಿಣಿಕಿಣಿ ಎನ್ನುತ್ತಿದ್ದವು. ಹೊರಗೆ ಬತ್ತುತ್ತಿದ್ದ ನಗರ ಸೆಟ್ಟಿನೊಳಗೆ ತುಂಬಿ ಹರಿಯಿತು.

ಧ್ವನಿಮುದ್ರಣದ ದಿನ ಹೇಗಿರುತ್ತಿತ್ತೆಂದರೆ, ಸಂಗೀತ ನಿರ್ದೇಶಕ ಹಾರ್ಮೋನಿಯಂ ಮುಂದೆ ಕುಳಿತು ಧಾಟಿ ಹಾಡುತ್ತಾನೆ. ಹೆಚ್ಚಿನವರಿಗೆ ಸ್ವರಲಿಪಿ ಬರೆಯಲು ಬಾರದು, ಎಲ್ಲ ಕಿವಿಯ ವಿದ್ಯೆ. ಪಕ್ಕದಲ್ಲಿ ಪೆನ್ಸಿಲ್ ಹಿಡಿದ ಅರೇಂಜರ್, ಐದು ಗೆರೆಯ ಹಾಳೆಯ ಮೇಲೆ ಸರಸರನೆ ಬರೆದುಕೊಳ್ಳುತ್ತಾನೆ. ಆಮೇಲೆ ಅವನು ಪಿಟೀಲುಗಳಿಗೆ ಒಂದು ಸಾಲು, ಚೆಲ್ಲೊಗೆ ಒಂದು, ಸ್ಯಾಕ್ಸೊಫೋನಿಗೆ ಒಂದು ಎಂದು ಹಂಚುತ್ತಾನೆ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ತುಣುಕನ್ನು ಎಷ್ಟೋ ಸಲ ಅವನೇ ಕಟ್ಟುತ್ತಾನೆ. ಒಂದೇ ಮೈಕು, ಒಂದೇ ಟೇಕು. ನಲವತ್ತನೆಯ ಪಿಟೀಲು ತಪ್ಪಿದರೂ ಮತ್ತೆ ಮೊದಲಿಂದ. ನಾವು ನಗರದ ದನಿ ಎಂದು ಎದೆಗೆ ಹಚ್ಚಿಕೊಂಡದ್ದರಲ್ಲಿ – ಆ ಥಟ್ಟನೆ ಏಳುವ ಟ್ರಂಪೆಟ್, ಆ ಜಾರುವ ಪಿಟೀಲುಗಳ ಗುಂಪು – ಬಹುಪಾಲು ಈ ಹಾಳೆಗಳಿಂದ ಬಂದದ್ದು. ಸೆಬಾಸ್ಟಿಯನ್ ಡಿಸೋಜಾ ನಯ್ಯರ್‌ಗೆ ಬರೆದರು, ಮುಂದೆ ಶಂಕರ್–ಜೈಕಿಶನ್‌ಗೆ ಬರೆದರು. ಆಲ್ಡೋನಾ ಹಳ್ಳಿಯ ಆಂಟೋನಿಯೊ ಷಾವಿಯರ್ ವಾಜ್, ಚಿಕ್ ಚಾಕಲೇಟ್ ಎಂಬ ಹೆಸರಿಟ್ಟುಕೊಂಡು ಲೂಯಿ ಆರ್ಮ್‌ಸ್ಟ್ರಾಂಗ್ ಹಾಗೆ ಟ್ರಂಪೆಟ್ ಊದಿದವರು, ಸಿ. ರಾಮಚಂದ್ರರ ಬಲಗೈ; ‘ಅಲ್‌ಬೇಲಾ’ದಲ್ಲಿ ಅವರ ವಾದ್ಯತಂಡ ಪರದೆಯ ಮೇಲೂ ಕಾಣಿಸಿತು. ಹೀಗೆ ಕಂಡವರು ಬೆರಳೆಣಿಕೆ. ಉಳಿದವರ ಹೆಸರು ಟೈಟಲ್ ಕಾರ್ಡಿಗೂ ಬರಲಿಲ್ಲ, ರೆಕಾರ್ಡಿನ ಲೇಬಲ್ಲಿಗೂ ಏರಲಿಲ್ಲ.

ಮಜೋರ್ಡಾ ಹಳ್ಳಿಯ ಒಬ್ಬ ಪಿಟೀಲು ವಾದಕರು ಇದನ್ನು ಸುಮ್ಮನೆ ನುಂಗಿಕೊಳ್ಳಲಿಲ್ಲ. ಸ್ಟುಡಿಯೊ ಕೆಲಸದ ನಡುವೆ ಹಿಂದೂಸ್ತಾನಿ ರಾಗಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಒಗ್ಗಿಸಿ ಬರೆದರು. 1958ರಲ್ಲಿ ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ದೊಡ್ಡ ವಾದ್ಯವೃಂದ ಕೂಡಿಸಿ, ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಅವರಿಂದ ಹಾಡಿಸಿ, ತಮ್ಮ ಕೃತಿಗಳನ್ನು ತಮ್ಮದೇ ಹೆಸರಿನಲ್ಲಿ ನುಡಿಸಿದರು. ಬಾಕಿ ಸಮಯದಲ್ಲಿ ಪಾಠ ಹೇಳಿದರು. ಪ್ಯಾರೇಲಾಲ್ ಎಂಬ ಹುಡುಗ ಅವರ ಬಳಿ ಪಿಟೀಲು ಕಲಿತ. 1960ರ ದಶಕದ ನಡುವೆ ಅವರು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು, ಮರಳಿ ಬಂದು ಗೋವೆಯ ತಮ್ಮ ಹಳ್ಳಿ ಸೇರಿದರು. ಸಿನಿಮಾದವರು ಅವರನ್ನು ಮರೆತೇಬಿಟ್ಟರು, ಶಿಷ್ಯನೊಬ್ಬನನ್ನು ಬಿಟ್ಟು.

1977ರಲ್ಲಿ ಮನಮೋಹನ ದೇಸಾಯಿ ‘ಅಮರ್ ಅಕ್ಬರ್ ಆಂಥನಿ’ ತೆಗೆದರು, ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್. ಈಸ್ಟರ್ ಕುಣಿತದ ಹಾಡಿನಲ್ಲಿ ದೊಡ್ಡ ಮೊಟ್ಟೆಯೊಡೆದು ಅಮಿತಾಭ್ ಬಚ್ಚನ್ ಹೊರಗೆ ಹಾರಿ, ಟೋಪಿ ತಿರುಗಿಸಿ, ತನ್ನ ಹೆಸರು ಹೇಳಿಕೊಳ್ಳಬೇಕು. ಆಂಥನಿಯ ಮುಂದೆ ಯಾವ ಅಡ್ಡಹೆಸರು ಕೂರಿಸಬೇಕೆಂಬ ಪ್ರಶ್ನೆ ಬಂದಾಗ ಪ್ಯಾರೇಲಾಲ್ ತಮ್ಮ ಗುರುವಿನ ಹೆಸರನ್ನೇ ಇಟ್ಟರು: ಆಂಥನಿ ಗೊನ್ಸಾಲ್ವಿಸ್. ದಾವಣಗೆರೆಯ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಿಂದ ಹಿಡಿದು ದುಬೈನ ಹೊಸ ವರ್ಷದ ಪಾರ್ಟಿಯವರೆಗೆ, ಆ ಟ್ರಂಪೆಟ್ ಎದ್ದೊಡನೆ ಜನ ಕುರ್ಚಿ ಹಿಂದಕ್ಕೆ ತಳ್ಳಿ ಕುಣಿಯಲು ಏಳುತ್ತಾರೆ; ಐದು ಗೆರೆಯ ಹಾಳೆಯ ಮೇಲೆ ಬೊಂಬಾಯಿಯ ದನಿ ಬರೆದ ಆ ಮಜೋರ್ಡಾದ ಮೇಷ್ಟ್ರ ಹೆಸರನ್ನು ಗಂಟಲು ಹರಿಯುವಂತೆ ಕೂಗುತ್ತಾರೆ.